ಹಸಿರು ಲೇಬಲ್ ಸಾಲದು, ಬಾಯ್ಲರ್ ಲೆಕ್ಕ ಬೇಕು

ಹಿರಿಯೂರು ತಾಲ್ಲೂಕಿನ ನಮ್ಮ ಧರ್ಮಪುರ ಹೋಬಳಿಗೆ ಯಾವುದೋ ಕಾರ್ಖಾನೆ ಬರುತ್ತದಂತೆ ಎಂಬ ಸುದ್ದಿ ಹುಟ್ಟಿದರೆ ಸಾಕು, ಹಿರಿಯರ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: ‘ನೀರು ಎಲ್ಲಿಂದ ತರ್ತಾರಂತೆ?’ ಎಷ್ಟು ಜನಕ್ಕೆ ಕೆಲಸ ಎಂಬುದು ಎರಡನೆಯ ಪ್ರಶ್ನೆ. ಇದರಲ್ಲಿ ಆಶ್ಚರ್ಯವೇನಿಲ್ಲ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ನಮ್ಮ ತಾಲ್ಲೂಕಿನಲ್ಲೇ ಇದೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಅಷ್ಟು ವರ್ಷ ಕಾದ ಜನರಿಗೆ ಲೆಕ್ಕ ಕೇಳುವ ಅಭ್ಯಾಸ ಬಂದೇ ಬರುತ್ತದೆ.

ಈಗ ಉದ್ಯಮಗಳು ‘ನಾವು ಹಸಿರು’, ‘ನಮ್ಮದು ಪರಿಸರಸ್ನೇಹಿ’ ಎಂದು ಹೇಳಿಕೊಳ್ಳುವ ಕಾಲ. ಸಿಮೆಂಟಿನಿಂದ ಸೋಪಿನವರೆಗೆ ಎಲ್ಲಕ್ಕೂ ಎಲೆಯ ಚಿತ್ರ. ಆ ಸಾಲಿಗೆ ಮದ್ಯೋದ್ಯಮವೂ ಸೇರಿದೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನಾವು ಆ ಎಲೆಯ ಚಿತ್ರವನ್ನು ನಂಬಬೇಕೇ ಬೇಡವೇ? ನನ್ನ ಉತ್ತರ ಇಷ್ಟೇ: ನಮ್ಮ ಹಿರಿಯರು ನೀರಿನ ವಿಚಾರದಲ್ಲಿ ಕೇಳುವ ಹಾಗೆ ಇಲ್ಲೂ ಲೆಕ್ಕ ಕೇಳಬೇಕು. ಅದಕ್ಕಿಂತ ಮೊದಲು ಆ ಲೆಕ್ಕವನ್ನು ಓದಲು ಕಲಿಯಬೇಕು.

ಮದ್ಯದ ವಿಷಯ ಎತ್ತಿದ ಕೂಡಲೇ ಒಂದು ಮಾತು ಸ್ಪಷ್ಟಪಡಿಸುವುದು ಒಳ್ಳೆಯದು. ಇದು ಕುಡಿತದ ಪರವಾದ ಬರಹವಲ್ಲ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಪಾದಯಾತ್ರೆ ಹೊರಟದ್ದು ನಮ್ಮ ಚಿತ್ರದುರ್ಗದಿಂದಲೇ. ಸುಮಾರು ಇನ್ನೂರು ಕಿಲೋಮೀಟರ್ ನಡೆದು ಅವರು ಬೆಂಗಳೂರು ತಲುಪಿದರು. ಅವರ ನೋವು ಸುಳ್ಳಲ್ಲ. ಪಾನನಿಷೇಧಕ್ಕೆ ಸರ್ಕಾರ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿಯೇ ಹೇಳುತ್ತದೆ. ಇನ್ನೊಂದು ಕಡೆ, 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿದ ಇದೇ ರಾಜ್ಯ 2025–26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿದೆ. ಮದ್ಯ ಇರಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತಿರಲಿ, ನಡೆಯಲೇಬೇಕು. ಆದರೆ ಆ ಚರ್ಚೆ ಮುಗಿಯುವ ತನಕ ಬಾಯ್ಲರ್ ಉರಿಯುತ್ತಲೇ ಇರುತ್ತದೆ, ಕೊಳವೆಬಾವಿಯ ಪಂಪು ಓಡುತ್ತಲೇ ಇರುತ್ತದೆ. ಆ ಲೆಕ್ಕವನ್ನು ಇವತ್ತೇ ಕೇಳಬೇಕಾಗುತ್ತದೆ.

ಕರ್ನಾಟಕದಲ್ಲಿ ಕುಟುಂಬವೊಂದು ನಡೆಸುವ ಡಿಸ್ಟಿಲರಿ ಎಂದರೆ ಮೊದಲು ನೆನಪಾಗುವ ಹೆಸರು ಅಮೃತ್. 1948ರಲ್ಲಿ ರಾಧಾಕೃಷ್ಣ ಜಗದಾಳೆ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಸಂಸ್ಥೆ ಅದು. ಅವರ ಮಗ ನೀಲಕಂಠ ರಾವ್ ಜಗದಾಳೆ ಅವರ ಕಾಲದಲ್ಲಿ, 2004ರ ಆಗಸ್ಟ್‌ನಲ್ಲಿ, ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಬಿಡುಗಡೆಯಾದದ್ದು ಭಾರತದಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿಗೇ ಹೋಗಿ ಮಾರುವ ಧೈರ್ಯ ಅದು. ಮೈಸೂರು ರಸ್ತೆಯ ಕಂಬಿಪುರದಲ್ಲಿ ತಯಾರಾಗುವ ಈ ವಿಸ್ಕಿ ಇಂದು ಹಲವು ದೇಶಗಳಿಗೆ ಹೋಗುತ್ತದೆ. ಕಾಕಂಬಿಯಿಂದ ತೆಗೆದ ಮದ್ಯಸಾರಕ್ಕೆ ಬಣ್ಣ, ರುಚಿ ಸೇರಿಸಿದ್ದೇ ಭಾರತದ ವಿಸ್ಕಿ ಎಂಬ ಮಾತಿತ್ತು. ಆ ಮಾತನ್ನು ಸುಳ್ಳು ಮಾಡಿದ್ದರಲ್ಲಿ ಈ ಕುಟುಂಬದ ಪಾಲು ದೊಡ್ಡದು.

ಇಂಥ ಒಂದು ಡಿಸ್ಟಿಲರಿಯ ಇಂಗಾಲದ ಹೆಜ್ಜೆಗುರುತು ಎಲ್ಲೆಲ್ಲಿ ಬೀಳುತ್ತದೆ? ಪಾಠದಲ್ಲಿ ಓದಿದ ರಸಾಯನಶಾಸ್ತ್ರ, ಪದವಿಪೂರ್ವ ಮಟ್ಟದ ಗಣಿತ ಇದ್ದರೆ ಸಾಕು, ಒಂದು ಸ್ಥೂಲ ಚಿತ್ರ ಸಿಗುತ್ತದೆ.

ಮೊದಲು ಹುದುಗುವಿಕೆ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಪುಡಿ ಮಾಡಿ, ಬಿಸಿನೀರಿನಲ್ಲಿ ನೆನೆಸಿದಾಗ ಪಿಷ್ಟ ಸಕ್ಕರೆಯಾಗುತ್ತದೆ. ಯೀಸ್ಟ್ ಹಾಕಿದರೆ ಆ ಸಕ್ಕರೆ ಮದ್ಯಸಾರವಾಗಿ ಮಾರ್ಪಡುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಮೀಕರಣದ ಪ್ರಕಾರ 46 ಗ್ರಾಂ ಮದ್ಯಸಾರಕ್ಕೆ 44 ಗ್ರಾಂ ಅನಿಲ. ಅಂದರೆ ಒಂದು ಲೀಟರ್ ಶುದ್ಧ ಮದ್ಯಸಾರ ಹುಟ್ಟುವಾಗ ಸುಮಾರು ಮುಕ್ಕಾಲು ಕಿಲೋ ಅನಿಲ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಅದು ಬಾರ್ಲಿ ಗಿಡ ಅದೇ ಬೆಳೆಯ ಕಾಲದಲ್ಲಿ ಗಾಳಿಯಿಂದ ಹೀರಿಕೊಂಡದ್ದು, ಮತ್ತೆ ಗಾಳಿಗೇ ಹೋಗುತ್ತದೆ. ಹಾಗಾಗಿ ಲೆಕ್ಕದಲ್ಲಿ ಇದನ್ನು ಪಳೆಯುಳಿಕೆ ಇಂಧನದ ಹೊಗೆಯ ಜೊತೆ ಸೇರಿಸುವುದಿಲ್ಲ, ಬೇರೆಯಾಗಿ ಬರೆಯುತ್ತಾರೆ. ಆ ಅನಿಲವನ್ನು ಹಿಡಿದು ಸೋಡಾ ತಯಾರಿಕೆಗೋ ಒಣ ಮಂಜುಗಡ್ಡೆಗೋ ಕೊಟ್ಟರೆ ಇನ್ನೂ ಒಳ್ಳೆಯದು.

ನಿಜವಾದ ಭಾರ ಇರುವುದು ಭಟ್ಟಿಯಲ್ಲಿ. ಹುದುಗಿದ ದ್ರವದಲ್ಲಿ ಮದ್ಯಸಾರ ಸುಮಾರು ಶೇ 8ರಷ್ಟಿದ್ದರೆ, ಒಂದು ಲೀಟರ್ ಮದ್ಯಸಾರಕ್ಕಾಗಿ ಹನ್ನೆರಡೂವರೆ ಲೀಟರ್ ದ್ರವ ಕಾಯಿಸಬೇಕು. ಮಾಲ್ಟ್ ವಿಸ್ಕಿಯಾದರೆ ಸಾಮಾನ್ಯವಾಗಿ ಎರಡು ಸಲ ಬಟ್ಟಿ ಇಳಿಸುತ್ತಾರೆ. ಎಬ್ಬಿಸಿದ ಆವಿಯನ್ನು ಮತ್ತೆ ದ್ರವ ಮಾಡಲು ತಣ್ಣೀರು ಹರಿಸಬೇಕು. ಒಂದು ಕಡೆ ಇಂಧನ ಸುಟ್ಟು ಬಿಸಿ ಮಾಡುವುದು, ಇನ್ನೊಂದು ಕಡೆ ನೀರು ಸುರಿದು ಅದೇ ಬಿಸಿಯನ್ನು ಚೆಲ್ಲುವುದು! ತಣಿಸುವಾಗ ಸಿಗುವ ಬಿಸಿನೀರಿನಿಂದ ಮುಂದಿನ ಸುತ್ತಿನ ದ್ರವವನ್ನು ಮೊದಲೇ ಬೆಚ್ಚಗೆ ಮಾಡಿಕೊಂಡರೆ ಇಂಧನವೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ನಮ್ಮ ಅಜ್ಜಿಯರು ಅನ್ನ ಇಳಿಸಿದ ಒಲೆಯ ಕೆಂಡದ ಮೇಲೆ ಹಾಲು ಇಡುತ್ತಿದ್ದರಲ್ಲ, ಅದೇ ಬುದ್ಧಿ. ಕಾರ್ಖಾನೆಯಲ್ಲಿ ಇದಕ್ಕೆ ಬೇಕಾಗುವುದು ಕೊಳವೆ, ಶಾಖ ವಿನಿಮಯ ಯಂತ್ರ, ಬಂಡವಾಳ.

ಇಲ್ಲೇ ಒಂದು ಮೋಸವೂ ನುಸುಳಬಹುದು. ಛಾವಣಿಯ ಮೇಲೆ ಸೌರಫಲಕ ಹಾಕಿಸಿ, ಅದರ ಫೋಟೊ ಕೊಟ್ಟು ‘ನಾವು ಸೌರಶಕ್ತಿಯಿಂದ ನಡೆಯುತ್ತೇವೆ’ ಎಂದು ಯಾವ ಕಂಪನಿ ಬೇಕಾದರೂ ಹೇಳಿಕೊಳ್ಳಬಹುದು. ಸೌರ ವಿದ್ಯುತ್ ನಮಗೆ ಹೊಸದಲ್ಲ. ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇವೆ. ಆದರೆ ಡಿಸ್ಟಿಲರಿಯಲ್ಲಿ ಖರ್ಚಾಗುವ ಶಕ್ತಿಯ ದೊಡ್ಡ ಪಾಲು ವಿದ್ಯುತ್ತಲ್ಲ, ಹಬೆ. ಹಬೆ ಬರುವುದು ಬಾಯ್ಲರಿನಿಂದ. ಬಾಯ್ಲರಿಗೆ ಕಲ್ಲಿದ್ದಲೋ, ಫರ್ನೇಸ್ ಎಣ್ಣೆಯೋ, ಅನಿಲವೋ, ಶೇಂಗಾ ಸಿಪ್ಪೆಯ ಇಟ್ಟಿಗೆಯೋ ಎಂಬುದೇ ಮುಖ್ಯ ಪ್ರಶ್ನೆ. ಚಳ್ಳಕೆರೆ, ಹಿರಿಯೂರು ಕಡೆಯ ಶೇಂಗಾ ಸಿಪ್ಪೆಗೆ ಇಲ್ಲೊಂದು ಗೌರವದ ಸ್ಥಾನ ಇರಬಹುದು. ಸುಟ್ಟರೆ ಹೊರಬರುವುದು ಗಿಡ ಹೀರಿದ ಇಂಗಾಲವೇ. ಹೊಗೆಯ ಬೂದಿಯನ್ನು ಹಿಡಿಯುವ ವ್ಯವಸ್ಥೆ ಇರಬೇಕು, ಅಷ್ಟೆ.

ಇನ್ನು ಪೀಪಾಯಿ. ವಿಸ್ಕಿಯನ್ನು ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಲು ಬಿಡುತ್ತಾರೆ. ಆಗ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಆ ಉದ್ಯಮದವರು ಇದನ್ನು ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಅದು ವರ್ಷಕ್ಕೆ ಸುಮಾರು ಶೇ 2, ಬೆಂಗಳೂರಿನಲ್ಲಿ ಶೇ 10ರಿಂದ 12. ಅಮೃತ್ ತನ್ನ ಒಂದು ವಿಸ್ಕಿಗೆ ‘ಆಸೆಬುರುಕ ದೇವತೆಗಳು’ ಎಂಬ ಅರ್ಥದ ‘ಗ್ರೀಡಿ ಏಂಜಲ್ಸ್’ ಎಂಬ ಹೆಸರಿಟ್ಟದ್ದು ಇದೇ ಕಾರಣಕ್ಕೆ. ವರ್ಷಕ್ಕೆ ಶೇ 10 ಹೋದರೆ 100 ಲೀಟರಿನಲ್ಲಿ ಐದು ವರ್ಷದ ಮೇಲೆ ಉಳಿಯುವುದು 59 ಲೀಟರ್. ಹಾರಿಹೋದ 41 ಲೀಟರಿಗೆ ಬೆಳೆದ ಬಾರ್ಲಿ, ಸುಟ್ಟ ಇಂಧನ, ಬಳಸಿದ ನೀರು ಎಲ್ಲವೂ ಉಳಿದ 59 ಲೀಟರಿನ ಲೆಕ್ಕಕ್ಕೇ ಸೇರುತ್ತವೆ. ಹಾಗೆಂದು ನಮ್ಮ ಬಿಸಿಲನ್ನು ಪೂರ್ತಿ ದೂರುವಂತಿಲ್ಲ. ಅದೇ ಬಿಸಿಲಿಗೆ ಇಲ್ಲಿ ವಿಸ್ಕಿ ನಾಲ್ಕೈದು ವರ್ಷಕ್ಕೇ ಮಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಹನ್ನೆರಡು ವರ್ಷ ಇಟ್ಟರೆ ಅಲ್ಲಿಯೂ ಉಳಿಯುವುದು ಸುಮಾರು 78 ಲೀಟರ್. ಅಂತರ ಇದೆ, ಆದರೆ ಮೊದಲ ನೋಟಕ್ಕೆ ಕಂಡಷ್ಟಿಲ್ಲ.

ಕೊನೆಯದು ಸಾಗಣೆ ಮತ್ತು ಬಾಟಲಿ. ಅಮೃತ್‌ಗೆ ಬರುವ ಬಾರ್ಲಿಯ ಹೆಚ್ಚಿನ ಪಾಲು ಉತ್ತರ ಭಾರತದ್ದು. ಅಷ್ಟು ದೂರದಿಂದ ಧಾನ್ಯ ತರುವುದೇ ದೊಡ್ಡ ಅಪರಾಧ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಒಂದು ಅಂದಾಜು ಹಾಕಿ ನೋಡೋಣ. 20 ಟನ್ ಹೊತ್ತ ಲಾರಿ 2,200 ಕಿಲೋಮೀಟರ್ ಬರುತ್ತದೆ, ಲೀಟರಿಗೆ 4 ಕಿಲೋಮೀಟರ್ ಓಡುತ್ತದೆ ಎನ್ನಿ. 550 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಒಟ್ಟು ಒಂದೂವರೆ ಟನ್ನಿನಷ್ಟಾಯಿತು. 20 ಟನ್ನಿಗೆ ಹಂಚಿದರೆ ಒಂದು ಕಿಲೋ ಬಾರ್ಲಿಗೆ 75 ಗ್ರಾಂ. ಆವಿಯಾಗಿ ಹೋಗುವುದನ್ನೂ ಸೇರಿಸಿ ಒಂದು ಬಾಟಲಿಗೆ ಒಂದೂವರೆ ಕಿಲೋ ಬಾರ್ಲಿ ಎಂದರೂ 110 ಗ್ರಾಂ ಆಸುಪಾಸು. ಈಗ ಅರ್ಧ ಕಿಲೋ ತೂಕದ ಹೊಸ ಗಾಜಿನ ಬಾಟಲಿ ನೋಡಿ. ಗಾಜು ಕರಗಿಸುವ ಕುಲುಮೆಗೆ ಸುಮಾರು 1,500 ಡಿಗ್ರಿ ಶಾಖ ಬೇಕು. ಒಂದು ಕಿಲೋ ಹೊಸ ಗಾಜಿಗೆ ಸ್ಥೂಲವಾಗಿ ಮುಕ್ಕಾಲರಿಂದ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಎಂದುಕೊಂಡರೆ, ಆ ಒಂದು ಬಾಟಲಿಯ ಪಾಲು 400–500 ಗ್ರಾಂ. ಸಾವಿರಾರು ಕಿಲೋಮೀಟರಿನ ಲಾರಿ ಪ್ರಯಾಣಕ್ಕಿಂತ ಮೇಜಿನ ಮೇಲಿನ ಭಾರದ ಬಾಟಲಿಯೇ ನಾಲ್ಕು ಪಟ್ಟು ಹೆಚ್ಚು! ಲೆಕ್ಕ ಹಾಕದೆ ಕೇವಲ ಭಾವನೆಯಿಂದ ತೀರ್ಪು ಕೊಟ್ಟರೆ ಎಡವುತ್ತೇವೆ ಎನ್ನುವುದಕ್ಕೆ ಇದೇ ಸಾಕ್ಷಿ.

ಬಾಟಲಿಯ ಪ್ರಶ್ನೆಗೆ ನೆರೆಯ ರಾಜ್ಯದಲ್ಲಿ ಒಂದು ಉತ್ತರ ಇದೆ. ಮದ್ರಾಸ್ ಹೈಕೋರ್ಟ್ ಸೂಚನೆಯಂತೆ ತಮಿಳುನಾಡು 2022ರಲ್ಲಿ ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟವರಿಗೆ ಆ ಹಣ ಮರಳಿಸುವ ಪದ್ಧತಿ ತಂದಿತು. ನಂತರ ಅದು ಬೇರೆ ಜಿಲ್ಲೆಗಳಿಗೂ ಹೋಯಿತು. ಕರ್ನಾಟಕದಲ್ಲಿ ಎಲ್ಲ ಮದ್ಯವೂ ಹಾದುಹೋಗುವುದು ರಾಜ್ಯ ಪಾನೀಯ ನಿಗಮದ ಡಿಪೊಗಳ ಮೂಲಕವೇ. ಒಂದೇ ಬಾಗಿಲು ಇರುವಾಗ ಇಂಥ ನಿಯಮ ಜಾರಿಗೆ ತರುವುದು ಕಷ್ಟವಾಗಬಾರದು. ಕೆರೆ ಏರಿ, ಶಾಲೆಯ ಹಿಂಬದಿ, ಹೊಲದ ಬದುಗಳಲ್ಲಿ ಬಿದ್ದಿರುವ 90 ಮಿಲಿಲೀಟರ್ ಟೆಟ್ರಾ ಪ್ಯಾಕ್‌ಗಳನ್ನು ಹಳ್ಳಿಯ ಪ್ರತಿಯೊಬ್ಬರೂ ನೋಡಿದ್ದಾರೆ. ರಟ್ಟು, ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ ಅಂಟಿಸಿ ಮಾಡಿದ ಅದನ್ನು ಗುಜರಿಯವರೂ ಸುಲಭಕ್ಕೆ ಮುಟ್ಟುವುದಿಲ್ಲ. ದುಬಾರಿ ವಿಸ್ಕಿಯ ಹಸಿರಿನ ಮಾತಾಡುವಾಗ ಅಗ್ಗದ ಮದ್ಯದ ಈ ಕಸವನ್ನು ಮರೆತರೆ ಅದು ಅರ್ಧ ಲೆಕ್ಕ.

ಭಟ್ಟಿಯಲ್ಲಿ ಉಳಿಯುವ ಕೊಳೆನೀರಿನ ವಿಷಯವಂತೂ ನಮ್ಮಂಥ ಒಣ ಸೀಮೆಗೆ ಅತಿ ಮುಖ್ಯ. ಕಾಕಂಬಿ ಆಧಾರಿತ ಡಿಸ್ಟಿಲರಿಗಳಲ್ಲಿ ಒಂದು ಲೀಟರ್ ಮದ್ಯಸಾರಕ್ಕೆ 8ರಿಂದ 15 ಲೀಟರ್ ಕಡುಕಂದು ಕೊಳೆನೀರು ಉಳಿಯುತ್ತದೆ. ಹಳ್ಳಕ್ಕೆ ಬಿಟ್ಟರೆ ಹಳ್ಳ ಸಾಯುತ್ತದೆ. ಅತಿ ಹೆಚ್ಚು ಮಾಲಿನ್ಯ ಉಂಟುಮಾಡುವ 17 ಉದ್ಯಮಗಳ ಪಟ್ಟಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಡಿಸ್ಟಿಲರಿಗಳನ್ನು ಸೇರಿಸಿರುವುದು ಸುಮ್ಮನೆ ಅಲ್ಲ. ಇದೇ ಕೊಳೆನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಗೋಬರ್ ಗ್ಯಾಸಿನಂಥದ್ದೇ ಅನಿಲ ಸಿಗುತ್ತದೆ, ಅದನ್ನು ಬಾಯ್ಲರಿಗೇ ಕೊಡಬಹುದು. ಸ್ಕಾಟ್ಲೆಂಡಿನಲ್ಲಿ 1887ರಿಂದ ಒಂದೇ ಕುಟುಂಬದ ಕೈಯಲ್ಲಿರುವ ಗ್ಲೆನ್‌ಫಿಡಿಕ್ ಡಿಸ್ಟಿಲರಿ, ತನ್ನ ತ್ಯಾಜ್ಯದಿಂದ ತೆಗೆದ ಅನಿಲದಿಂದಲೇ ಲಾರಿಗಳನ್ನು ಓಡಿಸಲು ಶುರುಮಾಡಿರುವುದಾಗಿ 2021ರಲ್ಲಿ ಪ್ರಕಟಿಸಿತು. ಅಲ್ಲಿನ ವಿಸ್ಕಿ ತಯಾರಕರ ಸಂಘ ತಮ್ಮ ಕಾರ್ಖಾನೆಗಳ ನಿವ್ವಳ ಹೊರಸೂಸುವಿಕೆಯನ್ನು 2040ರ ಹೊತ್ತಿಗೆ ಶೂನ್ಯಕ್ಕೆ ಇಳಿಸುವ ಗುರಿ ಹಾಕಿಕೊಂಡಿದೆ. ಗುರಿ ಮುಟ್ಟುತ್ತಾರೋ ಇಲ್ಲವೋ, ಅಳೆಯಲು ಒಂದು ದಿನಾಂಕವನ್ನಂತೂ ಜನರ ಮುಂದೆ ಇಟ್ಟಿದ್ದಾರೆ.

ಕುಟುಂಬ ನಡೆಸುವ ಉದ್ಯಮಕ್ಕೆ ಇಲ್ಲಿ ಒಂದು ಅನುಕೂಲ ಇದೆ, ಒಂದು ಅಪಾಯವೂ ಇದೆ. ಶಾಖ ಉಳಿಸುವ ಯಂತ್ರಕ್ಕೆ ಹಾಕಿದ ಹಣ ಮರಳಲು ಹಲವು ವರ್ಷ ಬೇಕಾಗಬಹುದು. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲಾಭ ತೋರಿಸಬೇಕಾದ ಕಂಪನಿಗೆ ಅಷ್ಟು ತಾಳ್ಮೆ ಇರುವುದು ಕಡಿಮೆ. ಪೀಪಾಯಿಗೆ ಐದು ವರ್ಷ ಕಾಯುವ ಕುಟುಂಬಕ್ಕೆ ಬಾಯ್ಲರಿಗೂ ಐದು ವರ್ಷ ಕಾಯಲು ಬರಬೇಕು. ಅಪಾಯ ಯಾವುದೆಂದರೆ, ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಸೆಬಿ ನಿಯಮದಂತೆ ಪರಿಸರ, ಇಂಧನ, ನೀರಿನ ಲೆಕ್ಕವನ್ನು ಕಡ್ಡಾಯವಾಗಿ ಪ್ರಕಟಿಸುತ್ತಿವೆ. ಷೇರುಪೇಟೆಯಲ್ಲಿ ಇಲ್ಲದ ಕುಟುಂಬ ಸಂಸ್ಥೆಗಳಿಗೆ ಆ ಕಡ್ಡಾಯ ಇಲ್ಲ. ಅವರು ಬಾಯಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗಿದ್ದರೂ ಒಂದು ಪುಸ್ತಕ ಆಗಲೇ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕಾದ ಪ್ರತಿ ಕಾರ್ಖಾನೆಯೂ ವರ್ಷಕ್ಕೊಮ್ಮೆ, ಸೆಪ್ಟೆಂಬರ್ 30ರೊಳಗೆ, ನಮೂನೆ 5ರಲ್ಲಿ ಪರಿಸರ ಹೇಳಿಕೆ ಸಲ್ಲಿಸಬೇಕೆಂಬ ನಿಯಮ ಇದೆ. ಪ್ರತಿ ಘಟಕ ಉತ್ಪನ್ನಕ್ಕೆ ಎಷ್ಟು ನೀರು, ಎಷ್ಟು ಕಚ್ಚಾವಸ್ತು, ಎಷ್ಟು ತ್ಯಾಜ್ಯ ಎಂಬ ವಿವರ ಅದರಲ್ಲಿರುತ್ತದೆ. ನನ್ನ ಒತ್ತಾಯ ಸರಳ: ಕುಟುಂಬದ ಹೆಸರನ್ನೂ ಪರಂಪರೆಯನ್ನೂ ಹೇಳಿಕೊಂಡು ಮಾರುವ ಡಿಸ್ಟಿಲರಿಗಳು ಆ ಹೇಳಿಕೆಯನ್ನು ತಮ್ಮ ಜಾಲತಾಣದಲ್ಲಿ ಹಾಕಲಿ, ಜೊತೆಗೆ ಇಂಧನದ ಲೆಕ್ಕವನ್ನೂ ಸೇರಿಸಲಿ. ‘ಬಾಟಲಿಗೆ ಇಷ್ಟು ಕಡಿಮೆ ಮಾಡಿದೆವು’ ಎಂದರೆ ಸಾಲದು, ಒಟ್ಟು ಎಷ್ಟು ಎಂಬುದೂ ಇರಲಿ. ಬಾಟಲಿಗೆ ಶೇ 10 ಕಡಿಮೆಯಾಗಿ ಬಾಟಲಿಗಳ ಸಂಖ್ಯೆ ಶೇ 30 ಹೆಚ್ಚಿದರೆ ಭೂಮಿಗೆ ಬಿದ್ದ ಹೊರೆ ಹೆಚ್ಚೇ. ಪಾದಯಾತ್ರೆ ಹೊರಟ ತಾಯಂದಿರ ಪ್ರಶ್ನೆ ಮತ್ತು ಪರಿಸರದ ಪ್ರಶ್ನೆ ಕೂಡುವ ಜಾಗ ಇದೇ.

ಇದರಲ್ಲಿ ನಮಗೇನು ಕೆಲಸ ಎಂದು ಕೇಳಬಹುದು. ಅಕ್ಷರಶಃ ಕೆಲಸವೇ ಇದೆ. ಇಂಗಾಲದ ಲೆಕ್ಕವನ್ನು ಮೂರು ಭಾಗ ಮಾಡುತ್ತಾರೆ: ಕಾರ್ಖಾನೆ ತಾನೇ ಸುಡುವ ಇಂಧನ ಸ್ಕೋಪ್ 1, ಕೊಂಡ ವಿದ್ಯುತ್ ಸ್ಕೋಪ್ 2, ಕಚ್ಚಾವಸ್ತು, ಬಾಟಲಿ, ಸಾಗಣೆಯಂಥ ಉಳಿದದ್ದೆಲ್ಲ ಸ್ಕೋಪ್ 3. ಇದಕ್ಕೆ ಬೇಕಾದ ಅಂಕಿಗಳು ಬಾಯ್ಲರ್ ಕೋಣೆಯ ದಿನಚರಿ ಪುಸ್ತಕ, ವಿದ್ಯುತ್ ಬಿಲ್ಲು, ತೂಕದ ಚೀಟಿಗಳಲ್ಲಿ ಸಿಗುತ್ತವೆ. ಬಿ.ಎಸ್ಸಿ. ಮಾಡಿದವರು, ಬಿ.ಕಾಂ. ಮಾಡಿದವರು, ಡಿಪ್ಲೊಮಾ ಮಾಡಿದವರು ಎಲ್ಲರಿಗೂ ಇದರಲ್ಲಿ ಜಾಗ ಇದೆ. ಐಟಿಐ ಮುಗಿಸಿದವರಿಗೆ ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ ಇದೆ. ಎಂಜಿನಿಯರಿಂಗ್ ಓದಿದವರಿಗೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ನಡೆಸುವ ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಪರೀಕ್ಷೆಗಳಿವೆ, ಅವಕ್ಕೆ ಕೆಲಸದ ಅನುಭವವೂ ಬೇಕು. ಡಿಸ್ಟಿಲರಿಗೆ ಹೋಗಲು ಮನಸ್ಸಾಕ್ಷಿ ಒಪ್ಪದವರೂ ಈ ವಿದ್ಯೆಯನ್ನು ಬಿಡಬೇಕಿಲ್ಲ. ಹಾಲಿನ ಡೇರಿ, ಜವಳಿ ಗಿರಣಿ, ಎಣ್ಣೆ ಮಿಲ್ಲು, ಎಲ್ಲೆಲ್ಲಿ ಬಾಯ್ಲರ್ ಇದೆಯೋ ಅಲ್ಲೆಲ್ಲ ಇದೇ ಲೆಕ್ಕ. ಮನೆಯಲ್ಲೇ ಕೂತು ನಿಮ್ಮ ಕಾಲೇಜಿನ ಕರೆಂಟ್ ಬಿಲ್ಲು, ಜನರೇಟರಿನ ಡೀಸೆಲ್ ಹಿಡಿದು ಶುರು ಮಾಡಿ. ಒಂದು ಯೂನಿಟ್ ವಿದ್ಯುತ್ತಿಗೆ ದೇಶದ ಸರಾಸರಿ ಸುಮಾರು 0.7 ಕಿಲೋ, ಒಂದು ಲೀಟರ್ ಡೀಸೆಲಿಗೆ 2.7 ಕಿಲೋ. ಗುಣಿಸಿ, ಕೂಡಿಸಿ, ತಿಂಗಳಿಂದ ತಿಂಗಳಿಗೆ ಹೋಲಿಸಿ. ನಿಮ್ಮ ಸ್ವವಿವರದಲ್ಲಿ ‘ಪರಿಸರದಲ್ಲಿ ಆಸಕ್ತಿ’ ಎಂದು ಬರೆಯುವುದಕ್ಕಿಂತ ಈ ಒಂದು ಹಾಳೆಗೆ ಬೆಲೆ ಹೆಚ್ಚು.

ಸಂದರ್ಶನ ಮುಗಿಯುವಾಗ ‘ನೀವೇನಾದರೂ ಕೇಳುವುದಿದೆಯೇ?’ ಎನ್ನುತ್ತಾರೆ. ಹೆಚ್ಚಿನವರು ಸಂಬಳ, ರಜೆ ಕೇಳುತ್ತಾರೆ, ತಪ್ಪೇನಿಲ್ಲ. ಅದರ ಜೊತೆಗೆ ಇನ್ನೊಂದನ್ನೂ ಕೇಳೋಣ: ‘ಒಂದು ಲೀಟರ್ ತಯಾರಿಸಲು ಹೋದ ವರ್ಷ ಎಷ್ಟು ನೀರು, ಎಷ್ಟು ಇಂಧನ ಖರ್ಚಾಯಿತು? ಈ ವರ್ಷ ಎಷ್ಟು?’ ಎದುರು ಕೂತವರು ಅಂಕಿಯಲ್ಲಿ ಉತ್ತರಿಸಿದರೆ ಅಲ್ಲಿ ಕಲಿಯಲು ಏನೋ ಇದೆ ಎಂದರ್ಥ. ಗಿಡ ನೆಟ್ಟ ಫೋಟೊ ತೋರಿಸಿದರೆ, ಆ ಲೆಕ್ಕ ಬರೆಯುವವರು ಅಲ್ಲಿ ಇನ್ನೂ ಬೇಕಾಗಿದ್ದಾರೆ ಎಂದರ್ಥ.